ಅಯಸ್ಕಾಂತ

ತನ್ನ ಮಜ್ಜಿಗೆ ಹುಳಿ ಅಂತ ಯಾರೂ ಹೇಳುವುದಿಲ್ಲ.
ನಾನು ಹೇಳಿದ್ದೆ, ಫೋನಿನಲ್ಲೇ:
ಓಡುವುದಿಲ್ಲ. ನೆಲದ ತಗಡು ತಿಂದುಹೋಗಿದೆ,
ಬ್ರೇಕಿನ ಪೆಡಲಿನ ಕೆಳಗೆ ಬೆಕ್ಕು ತೂರುವಷ್ಟು ತೂತು.
ಹಿಂದಿನ ಸೀಟಿನಲ್ಲಿ ಇಲಿಗಳು ಮೊಮ್ಮಕ್ಕಳನ್ನು ಕಂಡಿವೆ.
ಎಂಜಿನ್ ಮಾತ್ರ ಅದರದ್ದೇ, ಹುಟ್ಟಿದಾಗಿನದ್ದು,
ನಂಬರು ಉಜ್ಜಿ ನೋಡಿಕೊ.

ಆದರೂ ಬಂದೆ, ಝ್ವೋನಿಮಿರ್,
ಮಿಲ್ಡುರಾದಿಂದ ಏಳು ಗಂಟೆ, ಖಾಲಿ ಟ್ರೇಲರ್ ಗಡಗಡಿಸುತ್ತ.
ವೈಯಾಲಾದ ಕೆಂಪು ಧೂಳು ಆಗಲೇ ನಿನ್ನ ಹುಬ್ಬಿನ ಮೇಲೆ.
ಇಲ್ಲಿ ಎಲ್ಲದರ ಮೇಲೂ ಕೂರುತ್ತದೆ ಅದು,
ಒಣಹಾಕಿದ ಬಟ್ಟೆ, ಕಿಟಕಿಯಲ್ಲಿಟ್ಟ ಕೇಕು, ಶವಪೆಟ್ಟಿಗೆ.
ಉಕ್ಕಿನ ಊರಿನವರಿಗೆ ತುಕ್ಕು ನೆಂಟ,
ಕರೆಯದೆ ಬರುತ್ತದೆ, ಹೊರಡುವ ಮಾತೆತ್ತುವುದಿಲ್ಲ.

ಶೆಡ್ಡಿನ ಬಾಗಿಲು ಎತ್ತಿದೆ. ನೀನು ಟೋಪಿ ತೆಗೆದೆ.
ಎಪ್ಪತ್ತೊಂದರ ವ್ಯಾಲಿಯಂಟ್ ಚಾರ್ಜರ್,
ಕಿತ್ತಳೆ ಬಣ್ಣ ಹಳೆ ಬೆಲ್ಲವಾಗಿದೆ,
ಮೂರು ಕಾರ್ಬ್ಯುರೇಟರು ಮೂರು ಬಿಸ್ಕತ್ತಿನ ಡಬ್ಬಿಯಲ್ಲಿ.
ಇಂಥವು ಎಷ್ಟು ಉಳಿದಿವೆ ಅಂತ ನೀನೇ ಎಣಿಸತೊಡಗಿದೆ,
ಆಮೇಲೆ ಬೆಲೆ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಜೇಬಿನಿಂದ ತೆಗೆದದ್ದು ಅಯಸ್ಕಾಂತ,
ಗೀರು ಬೀಳದ ಹಾಗೆ ಕಾಲುಚೀಲದ ಬಟ್ಟೆ ಸುತ್ತಿದ್ದೆ.
ಮಗುವಿನ ತಲೆಯಲ್ಲಿ ಹೇನು ಹುಡುಕುವ ತಾಳ್ಮೆಯಲ್ಲಿ
ಗೇಣು ಗೇಣಾಗಿ ಸರಿಸಿದೆ.
ಬಾನೆಟ್, ಟಕ್. ಬಾಗಿಲು, ಟಕ್. ಛಾವಣಿ, ಟಕ್.
ಎಡಗಡೆ, ಹಿಂದಿನ ಚಕ್ರದ ಮೇಲೆ
ಅದು ಹಿಡಿಯಲಿಲ್ಲ. ಜಾರಿ ಸಿಮೆಂಟಿಗೆ ಬಿತ್ತು.

"ಇಲ್ಲಿ ಪುಟ್ಟಿ ಮೆತ್ತಿದ್ದಾರೆ."

ಮೆತ್ತಿದ್ದಾರೆ.
ನನಗಾಗ ಹದಿನೇಳು. ಅಪ್ಪ ರಾತ್ರಿ ಪಾಳಿ, ಕುಲುಮೆಯ ಬಾಯಲ್ಲಿ.
ಕೀಲಿಕೈ ಹಿಟ್ಟಿನ ಡಬ್ಬದ ಹಿಂದೆ.
ಕಡಲ ದಾರಿಯಲ್ಲಿ ಪಕ್ಕದ ಸೀಟಿನಲ್ಲಿ ಯಾರಿದ್ದರು,
ಅದು ನಿನಗೆ ಬೇಡ.
ಅಷ್ಟು ದೂರ ಹೋಗಿ ಬಂದದ್ದು ನೆಟ್ಟಗೆ;
ತಾಗಿದ್ದು ನಮ್ಮದೇ ಗೇಟಿನ ಕಂಬ.
ಅಣ್ಣ ಪೀಟ್ ಬೆಳಗಾಗುವವರೆಗೆ ತಟ್ಟಿದ, ಮೆತ್ತಿದ, ಉಜ್ಜಿದ,
ಬಣ್ಣ ಹೊಡೆದು ನನ್ನ ಹೇರ್‌ಡ್ರೈಯರಿನಲ್ಲಿ ಒಣಗಿಸಿದ.
ಅಪ್ಪ ಬಂದರು. ಕಾರಿಗೊಂದು ಸುತ್ತು ಹಾಕಿದರು.
"ಕಾಫಿ ಯಾರು ಮಾಡ್ತೀರಿ?" ಅಂದರು.
ಅಷ್ಟೆ. ನಲವತ್ತಾರು ವರ್ಷ ಅಷ್ಟೇ ಅಂದುಕೊಂಡಿದ್ದೆ.

ಎರಡು ಸಾವಿರ ಕಡಿಮೆ ಮಾಡು ಅಂದೆ ನೀನು, ಪುಟ್ಟಿಯ ಲೆಕ್ಕ.
ಚೌಕಾಸಿ ಮಾಡದೆ ಹೂಂ ಅಂದೆ.
ನಿನಗೆ ಇನ್ನಷ್ಟು ಅನುಮಾನ ಬಂತು.

ಆಮೇಲೆ ಡಬ್ಬಗಳು. ಅಪ್ಪ ಬಿಚ್ಚಿಟ್ಟ ಒಂದೊಂದು ಬೋಲ್ಟಿಗೂ
ಟೇಪಿನ ಚೀಟಿ, ಡಚ್ಚಿನ ಸೊಟ್ಟ ಅಕ್ಷರ.
ನಾನು ಓದುತ್ತ ಹೋದೆ, ನೀನು ಬರೆದುಕೊಂಡೆ:
ಕಿಟಕಿಯ ಹಿಡಿ, ಬಲ. ಸ್ಪ್ರಿಂಗು, ಎರಡು, ಒಂದು ದಂಡ.
ಕೊನೆಗೆ ಬಣ್ಣದ ಸಣ್ಣ ಡಬ್ಬಿ, ಮುಚ್ಚಳ ತೆಗೆದದ್ದೇ ಇಲ್ಲ.
"ಎಡ ಹಿಂಭಾಗ. ಮರೈಕೆಯ ಕಂಬ."

"ಏನಂತಿದೆ?" ಅಂದೆ ನೀನು.
ಕಿತ್ತಳೆ, ಅಂದೆ ನಾನು.

ಡಬ್ಬಿ ನಿನಗೇ ಕೊಟ್ಟೆ. ಒಳಗೆ ಗಟ್ಟಿಯಾಗಿರುತ್ತದೆ,
ಅಲ್ಲಾಡಿಸಿದರೆ ಸದ್ದಿಲ್ಲ.
ಚೀಟಿ ಕಿತ್ತು ತೋಳಿಗೆ ಅಂಟಿಸಿಕೊಂಡದ್ದು
ನೀನು ನೋಡಲಿಲ್ಲ, ಪಟ್ಟಿ ಬಿಗಿಯುತ್ತಿದ್ದೆ.

ನನ್ನ ಮಣಿಕಟ್ಟು ಈಗ ಸ್ಪ್ಯಾನರ್ ಹಿಡಿಯುವುದಿಲ್ಲ.
ಪೀಟ್‌ಗೆ ಪರ್ತ್‌ನಲ್ಲಿ ಹೊಸ ಮೊಣಕಾಲು.
ಮಾಡುತ್ತೇವೆ ಮಾಡುತ್ತೇವೆ ಅಂದ ಕೆಲಸವನ್ನು
ಮಾರುವುದೂ ಒಂದು ಬಗೆಯ ಮಾಡುವುದೇ ಇರಬೇಕು,
ಗೊತ್ತಿಲ್ಲ.

ತಿರುವಿನಲ್ಲಿ ಕಾರಿನ ಬೆನ್ನು ಒಮ್ಮೆ ಕಂಡಿತು.
ಕಂಬದ ಪಕ್ಕ ಒಂದು ಗೇಣು ಬಿಟ್ಟು ದಾಟಿಸಿದ್ದೆ ನೀನು,
ಒಳ್ಳೆಯ ಡ್ರೈವರು.

ಸಂಜೆ ಶೆಡ್ಡಿಗೆ ಒಂದು ಇಲಿ ಬಂತು.
ಎಣ್ಣೆಯ ಕಲೆಯ ನಡುವೆ ನಿಂತು
ಮೇಲೆ ನೋಡಿತು.