ಹಳೆಯ ಕಿವಿ

ಅರಬೈಲು ಘಟ್ಟದ ಮೂರನೇ ತಿರುವಿನಲ್ಲಿ
ಸುಲಭಾ ಹರಿಕಂತ್ರಳ ವ್ಯಾನು ಏದುಸಿರು ಬಿಟ್ಟಿತು.
ಹಿಂದೆ ಏಳು ಕ್ರೇಟು ಬಂಗಡೆ, ಕರಗುವ ಐಸು.
ಅಲ್ಲಿಂದಲೇ ತಿರುಗಿಸಿ ತಂದಳು ಕೋಡಿಬಾಗದ ನನ್ನ ಶೆಡ್ಡಿಗೆ.
"ಹೊಸ ಎಂಜಿನ್ ಹಾಕಿದ್ದೀಯಲ್ಲೋ ಇನಾಸಾ,
ಹಳೇದೇ ಇದಕ್ಕಿಂತ ಜೋರು ಹತ್ತುತ್ತಿತ್ತು!"
ಬೈಗುಳವನ್ನೂ ಐಸಿನಲ್ಲಿಟ್ಟು ತಂದಿದ್ದಳು, ತಾಜಾ.

ಹೊಸದೇನಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ
ಮೂತಿ ಜಜ್ಜಿದ ಕಾರಿನಿಂದ ಇಳಿಸಿದ್ದು.
ಮೌಂಟು ಕೂತಿತ್ತು, ಗೇರ್‌ಬಾಕ್ಸು ಒಪ್ಪಿತ್ತು,
ಕಂಪ್ಯೂಟರ್ ಮಾತ್ರ ವ್ಯಾನಿನದ್ದೇ ಬಿಟ್ಟಿದ್ದೆ
ನಾಲ್ಕು ಸಾವಿರ ಉಳಿಯಲಿ ಅಂತ.
ಯಾರದು ಉಳಿಯಲಿ ಅಂತ, ಆ ಲೆಕ್ಕ ಬೇಡ.

ಬ್ಲಾಕಿಗೆ ಸ್ಕ್ರೂಡ್ರೈವರ್ ಊರಿ
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ.
ಬಡಿತವಿಲ್ಲ. ಟ್ಯಾಪೆಟ್ಟಿನ ಟಿಕ್‌ಟಿಕ್ ಅಷ್ಟೇ,
ಆ ಜಾತಿಯ ಎಂಜಿನ್ನಿನ ಹುಟ್ಟುಮಾತು.
ಹಳೆಯ ಕಂಪ್ಯೂಟರಿಗೆ ಅದು ತಿಳಿಯದು.
ಕೋಡುಬಳೆಯಷ್ಟು ದಪ್ಪದ ನಾಕ್ ಸೆನ್ಸರ್ ಒಯ್ದು ಕೊಟ್ಟ ಟಿಕ್
ಅದಕ್ಕೆ ಟಕ್ ಎಂದು ಕೇಳುತ್ತದೆ;
ಹೆದರಿ, ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ
ಎರಡು ಡಿಗ್ರಿ, ಮತ್ತೆರಡು, ಏರು ಬಂದಷ್ಟೂ ಇನ್ನಷ್ಟು.
ಆಗದ ಅನಾಹುತಕ್ಕೆ ಅಂಜಿ ಘಟ್ಟದಲ್ಲಿ ಮಂಡಿಯೂರುತ್ತದೆ.

"ವೈರು ಕಿತ್ತು ಒಂದು ರೆಸಿಸ್ಟರ್ ಹಚ್ಚು ಮಾರಾಯ,"
ಅಂದ ಬ್ಯಾಟರಿ ಅಂಗಡಿಯ ಮುಖ್ತಿಯಾರ್.
ಹಚ್ಚಬಹುದು. ಕಿವಿಗೆ ಹತ್ತಿ ಇಟ್ಟ ಹಾಗೆ.
ಆಮೇಲೊಂದು ದಿನ ಕಲಬೆರಕೆ ಪೆಟ್ರೋಲಿಗೆ
ನಿಜವಾಗಿ ಬಡಿದುಕೊಂಡಾಗ
ಪಿಸ್ಟನ್ನಿನ ನೆತ್ತಿ ತೂತಾಗುವ ತನಕ ಕೇಳುವವರಿಲ್ಲ.

ಬಕೆಟ್ಟು ಮಗುಚಿ ಕೂತಿದ್ದಳು ಸುಲಭಾ.
"ಅರ್ಗಾದಿಂದ ನಮ್ಮನ್ನೆಬ್ಬಿಸಿ ಕಾಲೊನಿಗೆ ಹಾಕಿದಾಗ
ವರ್ಷವಿಡೀ ನಮ್ಮತ್ತೆ ನಡುರಾತ್ರಿ ಏಳುತ್ತಿದ್ದಳು.
ಹೆದ್ದಾರಿಯಲ್ಲಿ ಟ್ಯಾಂಕರು ಗುಂಯ್ ಅಂದರೆ ಸಾಕು,
ಭರತಿ ಬಂತು, ದೋಣಿ ಮೇಲೆಳೀರಿ ಅಂತ ಕೂಗು.
ಮರುಳು ಅಂದರು ಎಲ್ಲ. ಮರುಳಲ್ಲ. ಕಿವಿ ಚುರುಕು."
ಅಷ್ಟೇ ಅಂದು, ಐಸಿನ ನೀರು ಹರಿದ ದಾರಿ ನೋಡಿದಳು.

ಹುಬ್ಬಳ್ಳಿಗೆ ಫೋನು ಮಾಡಿದೆ. ಅದೇ ಜಜ್ಜಿದ ಕಾರಿನ ಕಂಪ್ಯೂಟರು
ವೈರಿನ ಗೊಂಚಲು ಸಮೇತ ಮೂರನೇ ದಿನ ಬಸ್ಸಿಳಿಯಿತು.
ಸೆನ್ಸರ್ ಬಿಚ್ಚಿ, ಅಡಿಯ ತುಕ್ಕು ಕೆರೆದು,
ವಾಶರಿಲ್ಲದೆ ಲೋಹಕ್ಕೆ ಲೋಹ ತಾಗಿಸಿ
ಟಾರ್ಕ್ ರೆಂಚನ್ನು ಇಪ್ಪತ್ತಕ್ಕೆ ನಿಲ್ಲಿಸಿದೆ.
ಇನ್ನೂ ಬಿಗಿದರೆ ಅದಕ್ಕೆ ಏನೂ ಕೇಳಿಸದು.

ನಾಲ್ಕು ಸಾವಿರ ನಾನೇ ಹಾಕಿದೆ. ಅವಳು ಕೇಳಲಿಲ್ಲ,
ಬೆಂಚಿನ ಮೇಲೊಂದು ಇಸ್ವಣ ಇಟ್ಟು ಹೋದಳು.
ಮರುದಿನ ಘಟ್ಟದ ಮೇಲಿನಿಂದ ಫೋನು.
ಮಾತಿಲ್ಲ; ಎಂಜಿನ್ನಿನ ಪಕ್ಕ ಹಿಡಿದಿದ್ದಾಳೆ.
ಟಿಕ್‌ಟಿಕ್.
ಸಾಲದ್ದಕ್ಕೆ ಹಿಂದಿನ ಲಾರಿಯವನ ಹಾರ್ನು.