ಹತ್ತೊಂಬತ್ತರ ಮಗ್ಗಿ

ಮೊದಲ ದಿನ ಗೇಟಿನವರೆಗೆ.
ಗೇಟಿನಾಚೆ ಲಲಿತಾದ್ರಿಪುರದ ರಸ್ತೆ, ರಸ್ತೆಯಾಚೆ
ಯಾರೋ ಒಣಗಲು ಹಾಕಿದ ನೀಲಿ ಟಾರ್ಪಾಲು.
ಅಷ್ಟೇ. ಕಂದೀಲು ನಿಂತುಬಿಟ್ಟ,
ನಾಲ್ಕೂ ಕಾಲು ನೆಲಕ್ಕೆ ಮೊಳೆ ಹೊಡೆದಂತೆ,
ಕತ್ತು ಮಾತ್ರ ಲಾಯದ ಕಡೆ.
ಒಳಗಿನಿಂದ ಜರತಾರಿ ಕೂಗಿದಳು.
ಇವನೂ ಕೂಗಿದ. ನನ್ನ ತೊಡೆಗಳ ನಡುವೆ
ಅವನ ಎದೆಗೂಡು ತಮಟೆಯಾಗಿ ಅದುರಿತು.

ರೇಸ್ ಕೋರ್ಸಿನಲ್ಲಿ ಇವನು ಒಬ್ಬನೇ ಎಲ್ಲಿಗೂ ಹೋದವನಲ್ಲ.
ಮುಂಜಾನೆ ಹನ್ನೆರಡು ಕುದುರೆಗಳ ಸಾಲು,
ಮುಂದೊಂದು ಬಾಲ, ಹಿಂದೊಂದು ಮೂತಿ,
ಲೋಕವೆಂದರೆ ಅಷ್ಟು.
ಓಡಿದ್ದು ಐದು ಸಲ. ಐದೂ ಸಲ
ಗುಂಪಿನ ನಡುವೆಯೇ ಮುಗಿಸಿದ.
ಮುಂದೆ ಬಂದರೆ ಒಂಟಿ, ಹಿಂದೆ ಬಿದ್ದರೂ ಒಂಟಿ.
ಅವನ ಲೆಕ್ಕ ಸರಿಯಾಗೇ ಇತ್ತು.
ಮಾಲೀಕರ ಲೆಕ್ಕ ಬೇರೆ.

ದೊಡ್ಡ ಗಡಿಯಾರದ ಹತ್ತಿರ
ನಲವತ್ತು ವರ್ಷ ಟಾಂಗಾ ಹೊಡೆದ ದಸ್ತಗೀರ್ ಸಾಬರು
ಬೀಡಿ ಆರಿಸಿ ಹೇಳಿದರು:
"ಚಾಟಿ ಬ್ಯಾಡಿ ಮಿಸ್ಸಮ್ಮೋರೆ. ಉಸ್ರು ಹಿಡ್ಕೊಂಡಿದೀರಲ್ಲ,
ಮೊದ್ಲು ಅದನ್ನ ಬಿಡಿ.
ನೀವು ಉಸ್ರು ಕಟ್ಟಿದ್ರೆ ಎಲ್ಲೋ ಹುಲಿ ಬಂತು ಅನ್ಕೋತದೆ.
ಏನಾರ ಮಾತಾಡ್ತಾ ಹೋಗಿ."

ಕುದುರೆಯ ಜೊತೆ ಏನು ಮಾತು?
ಇಪ್ಪತ್ತಾರು ವರ್ಷ ಏಳನೇ ಕ್ಲಾಸಿಗೆ ಲೆಕ್ಕ ಹೇಳಿದವಳು,
ಬಾಯಿಗೆ ಬಂದದ್ದು ಮಗ್ಗಿ.
ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು,
ಹತ್ತೊಂಬತ್ತೆರಡ್ಲಿ ಮೂವತ್ತೆಂಟು...
ಒಂದು ಕಿವಿ ನನ್ನ ಕಡೆ ತಿರುಗಿತು.
ಇನ್ನೊಂದು ಟಾರ್ಪಾಲಿನ ಮೇಲೇ.

ಎರಡನೇ ದಿನ ಗೇಟಿನಾಚೆ ಮೂರು ಹೆಜ್ಜೆ, ವಾಪಸ್ಸು.
ಭಾನುವಾರದ ಹೊತ್ತಿಗೆ ಟ್ರಾನ್ಸ್‌ಫಾರ್ಮರ್.
ಅವನು ತಿರುಗುವ ಮೊದಲೇ ನಾನು ತಿರುಗಿಸಬೇಕು,
ಇದು ಸಾಬರ ಕಾನೂನು:
ಹೆದರಿ ಮರಳಿದ್ದಲ್ಲ, ಮುಗಿಸಿ ಮರಳಿದ್ದು
ಎಂದು ಅವನಿಗೆ ಅನ್ನಿಸಬೇಕು.
ಕುದುರೆ ಕಂಡರೆ ಕಾಲುನೋವು ಅಂತಾರೆ.
ನನಗೆ ಕುದುರೆ ಇದ್ದೇ ಕಾಲುನೋವು.
ಬೆದರಿದಲ್ಲೆಲ್ಲ ಇಳಿದು, ಲಗಾಮು ಹಿಡಿದು, ಮುಂದೆ ಮುಂದೆ ನಾನೇ ನಡೆದೆ:
ಕಬ್ಬಿನ ಹಾಲಿನ ಗಾಣದ ಗೆಜ್ಜೆ,
ಚರಂಡಿಯ ಕಬ್ಬಿಣದ ಜಾಲರಿ,
ಬ್ರೇಕು ಹಾಕಿ ಉಸ್ಸೆನ್ನುವ ಸಿಟಿ ಬಸ್ಸು.
ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಕೇಳಿದರು:
"ಏನ್ ಮಿಸ್, ಪಂಚರ್ರಾ?"

ದೀಪಾವಳಿಯ ಮರುದಿನ, ಉಳಿದಿದ್ದ ಒಂದೇ ಒಂದು ಪಟಾಕಿ.
ಕಾಲಿಗೆ ಬುದ್ಧಿ ಹೇಳಿದ. ನಾನು ಬೇಲಿಯಲ್ಲಿ.
ಮತ್ತೆ ಗೇಟಿನಿಂದ.

ಏಳರ ಹತ್ತಿರ ಎಲ್ಲ ಮಕ್ಕಳೂ ಎಡವುತ್ತಿದ್ದರು.
ಸಿದ್ದಲಿಂಗು ಅಂತ ಒಬ್ಬ, ಬೆಂಚಿನ ಮೇಲೆ ನಿಂತೇ
ಚಡ್ಡಿಯ ಅಂಚು ತಿರುಚುತ್ತಿದ್ದ.
"ಮತ್ತೆ ಒಂದರಿಂದ ಶುರು ಮಾಡು" ಎಂದಿದ್ದೆ,
ಎಲ್ಲರೂ ನಗಲಿ ಎಂದೇ.
ಅದೇ ಮಾತನ್ನು ಈಗ ಗೇಟಿನ ಬಳಿ ಹೇಳುತ್ತೇನೆ,
ಕತ್ತು ತಟ್ಟಿ, ಮೆಲ್ಲಗೆ.
ಆ ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ.

ಮಾರ್ಗಶಿರ. ಮಂಜಿನಲ್ಲಿ ಚಾಮುಂಡಿ ಬೆಟ್ಟವೇ ಇಲ್ಲ.
ನಾಲೆಯ ಸೇತುವೆ. ಇಲ್ಲಿಗೆ ಜರತಾರಿಯ ದನಿ ಮುಟ್ಟುವುದಿಲ್ಲ.
ನಿಂತ. ಕೂಗಿದ.
ಯಾರೂ ಓಗೊಡಲಿಲ್ಲ.
ನಾನು ಆರ್ಲಿ ನೂರಾ ಹದಿನಾಲ್ಕರಲ್ಲಿದ್ದೆ. ನಿಲ್ಲಿಸಿದೆ.
ಹಿಮ್ಮಡಿ ತಾಗಿಸಲಿಲ್ಲ.
ಕೆಳಗೆ ನೀರಿನಲ್ಲಿ ಒಂಟಿ ಹವಾಯಿ ಚಪ್ಪಲಿ ತೇಲಿಬಂತು,
ಅದು ಸೇತುವೆಯಡಿ ಮರೆಯಾಗುವವರೆಗೂ ನೋಡಿದ.
ಆಮೇಲೆ ಮೂಗಿನಿಂದ ಉದ್ದಕ್ಕೆ ಒಂದು ಉಸಿರು,
ಕಾಂಕ್ರೀಟಿನ ಮೇಲೆ ಒಂದು ಗೊರಸು: ಟಕ್.
ತನ್ನದೇ ಸದ್ದಿಗೆ ತಾನೇ ಬೆಚ್ಚಿ,
ಇನ್ನೊಂದು.

ಆಚೆ ದಡದಲ್ಲಿ ತಲೆ ತಗ್ಗಿಸಿದ.
ಏಳ್ಲಿ ಎಷ್ಟು?
ನನಗೂ ಹೊಳೆಯಲಿಲ್ಲ.
ಲಗಾಮು ಸಡಿಲ ಬಿಟ್ಟು ಕೂತೆ,
ಒದ್ದೆ ಗರಿಕೆ ಹರಿಯುವ ಸದ್ದು
ಕರಕ್, ಕರಕ್,
ಕೇಳುತ್ತಾ.