ಅಂತೆ

ಪೇಟೆಗೆ ಹೋದ ಮೊಮ್ಮಗ ಪುಸ್ತಕ ತಂದು ಓದಿದ:
ನಾವು ತೆಮಿಯಾರರು ಕನಸಿಗೆ ಮೂಗುದಾರ ಹಾಕುತ್ತೇವಂತೆ,
ಅಟ್ಟಿಬಂದ ಹುಲಿಯನ್ನು ನಿಲ್ಲಿಸಿ
ಉಡುಗೊರೆ ಕೇಳುತ್ತೇವಂತೆ.

ನಗು ಬಂತು. ನನ್ನಪ್ಪ ಹೇಳಿರಲಿಲ್ಲ, ಅವನಪ್ಪನೂ.
ಯಾರೋ ಬಂದಿದ್ದ ಆಗ, ನಮ್ಮ ಮರಗೆಣಸು ತಿಂದು
ಜ್ವರ ಹಿಡಿದು ವಾರವಿಡೀ ಮಲಗಿದ್ದ.
ಅವನದೇ ಕನಸಿರಬೇಕು; ನಮ್ಮ ಹೆಸರಿಗೆ ಬರೆದ.

ನಡುರಾತ್ರಿ ಅಂಜಾಂಗ್ ಚೀರಿದಳು. ಮತ್ತದೇ ಹುಲಿ.
ಹಾಡಿ ಅಟ್ಟುತ್ತಿದ್ದ ತಮ್ಮ ತೀರಿ ಮೂರು ವರ್ಷ.
ಬಿದಿರ ನೆಲದ ಮೇಲೆ ಕತ್ತಲಲ್ಲಿ ತಡಕಿದೆ,
ಬೇರೇನೂ ಕೈಗೆ ಸಿಗದೆ
ಆ ಸುಳ್ಳನ್ನೇ ನಮ್ಮ ನುಡಿಗೆ ಹೊರಳಿಸಿ ಕೊಟ್ಟೆ:
ಓಡಬೇಡ ಮಗಾ, ನಿಲ್ಲು.
ನನಗೇನು ತಂದೆ ಅಂತ ಕೇಳು.

ಬೆಳಿಗ್ಗೆ ಸುಟ್ಟ ಗೆಣಸು ಸುಲಿಯುತ್ತ ಅಂದಳು:
ಬಾಚಣಿಗೆ ಕೊಟ್ಟಿತಂತೆ.
ಒಂದು ಹಲ್ಲು ಮುರಿದದ್ದು.